ಮುರಿದಿದ್ದು ಎಡಗೈ, ಸಹಿ ಹಾಕೋದು ಬಲಗೈ

2022ರ ಜುಲೈ ತಿಂಗಳು. ಸಾಗರ ತಾಲ್ಲೂಕಿನ ನಮ್ಮ ಊರಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಅಜ್ಜ ಮೂತ್ರಕ್ಕೆಂದು ಎದ್ದರು. ಪಾಯಖಾನೆ ಇರುವುದು ಹಿತ್ತಲಲ್ಲಿ, ಮನೆಯಿಂದ ಮೂವತ್ತೈದು ಹೆಜ್ಜೆ ದೂರ. ಕರೆಂಟ್ ಇರಲಿಲ್ಲ. ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ಕೊಡೆ. ಹಿತ್ತಲ ಮೆಟ್ಟಿಲು ಇಳಿಯುವಾಗ ಕಣ್ಣಿಗೆ ಕತ್ತಲೆ ಬಂದಂತಾಯಿತಂತೆ. ಪಾಚಿಯ ಮೇಲೆ ಕಾಲು ಜಾರಿತು. ಎಡಗೈ ಮಣಿಕಟ್ಟು ಮುರಿಯಿತು. ಮಳೆಯ ಸದ್ದಿನಲ್ಲಿ ಅವರು ಕೂಗಿದ್ದು ಅಜ್ಜಿಗೆ ಕೇಳಲೇ ಇಲ್ಲ. ಅಜ್ಜಿ ಎದ್ದು ಹುಡುಕಿ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಆಗ ಅಜ್ಜನಿಗೆ 84, ಅಜ್ಜಿಗೆ 78. ಅಜ್ಜ ಅಂಚೆ ಇಲಾಖೆಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿದ್ದು 1996ರಲ್ಲಿ ನಿವೃತ್ತರಾದವರು. ಒಂದೂವರೆ ಎಕರೆ ಅಡಿಕೆ ತೋಟ, ಒಂದು ಹಸು, ಮಣ್ಣಿನ ಗೋಡೆಯ ಹಳೇ ಮನೆ. ಇಬ್ಬರೇ ಇರುತ್ತಿದ್ದರು. ಹಿರಿಮಗ, ಅಂದರೆ ನನ್ನಪ್ಪ, ಬೆಂಗಳೂರಲ್ಲಿ. ಚಿಕ್ಕಪ್ಪ ಪುಣೆಯಲ್ಲಿ. ಅತ್ತೆ ಶಿರಸಿಯಲ್ಲಿ. ಇಂಥ ಮನೆಗಳು ಮಲೆನಾಡಲ್ಲಿ ಈಗ ಊರಿಗೆ ಹತ್ತಾದರೂ ಸಿಗುತ್ತವೆ. ಹಾಗಾಗಿ ನಮ್ಮ ಮನೆಯಲ್ಲಿ ಆದದ್ದನ್ನು, ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ, ಪೂರ್ತಿ ಬರೆದಿಡುತ್ತಿದ್ದೇನೆ.

ಬೆಂಗಳೂರಿನ ಮೂರು ತಿಂಗಳು

ಕೈಗೆ ಪ್ಲಾಸ್ಟರ್ ಹಾಕಿಸಿದ ಮೂರನೇ ದಿನವೇ ಅಪ್ಪ ಇಬ್ಬರನ್ನೂ ಬೆಂಗಳೂರಿಗೆ ಕರೆತಂದರು. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದ್ದಾಯಿತು. ಮೂರನೇ ಮಹಡಿಯ ಫ್ಲ್ಯಾಟು, ಲಿಫ್ಟ್ ಇತ್ತು, ಜಾರದ ನೆಲ ಇತ್ತು, ಹತ್ತು ನಿಮಿಷದಲ್ಲಿ ಆಸ್ಪತ್ರೆ. ಇನ್ನೇನು ಬೇಕು ಅಂತ ನಾವೆಲ್ಲ ಅಂದುಕೊಂಡೆವು.

ಅಜ್ಜಿ ಬೆಳಗ್ಗೆ ಐದಕ್ಕೇ ಏಳುತ್ತಿದ್ದರು. ಎದ್ದು ಮಾಡಲು ಏನೂ ಇರುತ್ತಿರಲಿಲ್ಲ. ಅಡುಗೆಮನೆಗೆ ಬಂದರೆ ಅಮ್ಮ, 'ನೀವು ಕೂತ್ಕೊಳ್ಳಿ ಅತ್ತೆ, ಇಷ್ಟು ವರ್ಷ ಮಾಡಿದ್ದು ಸಾಲದಾ?' ಅನ್ನುತ್ತಿದ್ದರು. ಅಮ್ಮನ ಮಾತಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಅಜ್ಜಿ ಆ ಮಾತು ಕೇಳಿ ವಾಪಸ್ ಹೋಗಿ ಸೋಫಾದ ತುದಿಯಲ್ಲಿ ಕೂರುವ ರೀತಿ ನೋಡಿದರೆ, ಬೇರೆಯವರ ಮನೆಗೆ ನೆಂಟರಾಗಿ ಬಂದವರ ಹಾಗೆ ಕಾಣುತ್ತಿತ್ತು.

ಅಜ್ಜನ ಕಥೆ ಇನ್ನೂ ಜಾಸ್ತಿ ಕೆಟ್ಟಿತು. ರಾತ್ರಿ ಎದ್ದು ಮತ್ತೆ ಬಿದ್ದರೆ ಅಂತ ಹೆದರಿ ನಾವೇ ಡೈಪರ್ ಹಾಕಿಸಿದೆವು. ಬಲಗೈ ಸರಿ ಇದ್ದರೂ ಗಡ್ಡ ಅಪ್ಪನೇ ಹೆರೆಯುತ್ತಿದ್ದರು. ಸ್ನಾನಕ್ಕೆ ಒಬ್ಬರು, ಅಂಗಿ ಗುಂಡಿ ಹಾಕಲು ಒಬ್ಬರು. ಬಾಲ್ಕನಿಗೆ ಹೋದರೂ ಹಿಂದೆ ಒಬ್ಬರು. ಪೇಪರನ್ನು ಮೊದಲ ಪುಟದಿಂದ ಕೊನೆ ಪುಟದವರೆಗೆ ಓದುತ್ತಿದ್ದ ಮನುಷ್ಯ ಸೆಪ್ಟೆಂಬರ್ ಹೊತ್ತಿಗೆ ಪೇಪರ್ ಮಡಿಕೆಯನ್ನೂ ಬಿಚ್ಚುತ್ತಿರಲಿಲ್ಲ. ಕುರ್ಚಿಯಿಂದ ಏಳಲು ಎರಡು ಸಲ ಪ್ರಯತ್ನ ಬೇಕಾಗುತ್ತಿತ್ತು. ವಯಸ್ಸಾದವರ ಮಾಂಸಖಂಡ ಕೆಲವೇ ವಾರ ಕೆಲಸ ತಪ್ಪಿದರೂ ಬೇಗ ಕರಗುತ್ತದೆ. ಕರಗಿದ್ದು ವಾಪಸ್ ಬರಲು ಅದರ ಎರಡರಷ್ಟು ಕಾಲ ಬೇಕಾದರೂ ಆಶ್ಚರ್ಯವಿಲ್ಲ. ನಮಗೆ ಆಗ ಅದು ಗೊತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ಒಂದು ದಿನ ಅಜ್ಜ ತಮ್ಮ ಪಿಂಚಣಿ ಪಾಸ್‌ಬುಕ್ಕು ಕೇಳಿದರು. ಅದು ಅಪ್ಪನ ಬೀರುವಿನಲ್ಲಿತ್ತು. ಎಟಿಎಂ ಕಾರ್ಡೂ ಅಲ್ಲೇ. ಅಪ್ಪ, 'ನಿಮಗ್ಯಾಕೆ ಆ ತಲೆನೋವು? ಕೈ ಬೇರೆ ಮುರಿದಿದೆ' ಅಂದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮುರಿದಿದ್ದು ಎಡಗೈ. ಸಹಿ ಹಾಕೋದು ಬಲಗೈ' ಅಂದರು.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ವೃದ್ಧರ ಆರೈಕೆಯಲ್ಲಿ ಬಳಸುವ ಎರಡು ಹಳೆಯ ಅಳತೆಪಟ್ಟಿಗಳಿವೆ. ಒಂದನ್ನು ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರು ಮತ್ತು ಅವರ ಜೊತೆಗಾರರು 1963ರಲ್ಲಿ ಪ್ರಕಟಿಸಿದರು. ಸ್ನಾನ, ಬಟ್ಟೆ ತೊಡುವುದು, ಪಾಯಖಾನೆಗೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಕೆಲಸಗಳಲ್ಲಿ ಎಷ್ಟನ್ನು ತಾವೇ ಮಾಡಿಕೊಳ್ಳುತ್ತಾರೆ ಅಂತ ನೋಡುವುದು. ಇನ್ನೊಂದು 1969ರ ಲಾಟನ್ ಪಟ್ಟಿ. ಅದರಲ್ಲಿ ಫೋನು, ಅಂಗಡಿ ಸಾಮಾನು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು ಎಂಬ ಎಂಟು ಕೆಲಸಗಳಿವೆ. ನಾನು ಒಂದು ಹಾಳೆಯಲ್ಲಿ ಎರಡೂ ಪಟ್ಟಿ ಬರೆದೆ. ಬೀಳುವ ಹಿಂದಿನ ದಿನ ಅಜ್ಜ ಆರಕ್ಕೆ ಆರನ್ನೂ ತಾವೇ ಮಾಡುತ್ತಿದ್ದರು. ಈಗ ಪೂರ್ತಿ ತಾವೇ ಮಾಡುತ್ತಿದ್ದುದು ಊಟ ಒಂದೇ. ಅಜ್ಜಿ ಊರಲ್ಲಿ ಎಂಟಕ್ಕೆ ಎಂಟು ಮಾಡುತ್ತಿದ್ದವರು ಇಲ್ಲಿ ಫೋನ್ ಎತ್ತುವುದು ಬಿಟ್ಟರೆ ಏನೂ ಮಾಡುತ್ತಿರಲಿಲ್ಲ. ಅಜ್ಜಿಯ ಕೈಕಾಲಿಗೆ ಏನೂ ಆಗಿರಲಿಲ್ಲ. ಅಜ್ಜನ ಮೂಳೆ ಕೂಡಿ ತಿಂಗಳಾಗಿತ್ತು. ಆ ಹಾಳೆಯಲ್ಲಿ ಕಡಿಮೆಯಾದ ಅಷ್ಟೂ ಅಂಕ ಕಿತ್ತುಕೊಂಡವರು ನಾವು.

ಹಾಳೆಯನ್ನು ಬೆಳಗ್ಗೆ ಅಪ್ಪನ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಏನೂ ಹೇಳದೆ ಎದ್ದು ಹೋಗಿ ಪಾಸ್‌ಬುಕ್ಕು ತಂದು ಅಜ್ಜನ ಕೈಗೆ ಕೊಟ್ಟರು.

ಯುಗಾದಿವರೆಗೆ

ನವೆಂಬರ್‌ನಲ್ಲಿ ಅಡಿಕೆ ಕೊಯ್ಲು ಶುರುವಾಗುತ್ತದೆ. ಅಷ್ಟರೊಳಗೆ ಊರು ಸೇರಬೇಕು ಅಂತ ಅಜ್ಜನ ಹಟ. ಅಪ್ಪನಿಗೆ ಧೈರ್ಯ ಬರಲಿಲ್ಲ. ಚಿಕ್ಕಪ್ಪ ಫೋನಿನಲ್ಲೇ ಬೈದರು. ಕೊನೆಗೆ ಅತ್ತೆ ಒಂದು ದಾರಿ ಹೇಳಿದರು: ಯುಗಾದಿವರೆಗೆ ನೋಡೋಣ. ಐದು ತಿಂಗಳು ಇಬ್ಬರೂ ಊರಲ್ಲಿರಲಿ. ಏನೇನು ವ್ಯವಸ್ಥೆ ಬೇಕೋ ಮಾಡೋಣ. ಆಗಲಿಲ್ಲ ಅಂದರೆ ಮತ್ತೆ ಕೂತು ಮಾತಾಡೋಣ. ನನಗೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಇದ್ದುದರಿಂದ ಮೊದಲ ಆರು ವಾರ ನಾನೇ ಜೊತೆಗೆ ಹೋದೆ.

ಹೋಗುವ ಮೊದಲು ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದೆ. ಏನು ಹೋದರೂ ಪರವಾಗಿಲ್ಲ, ಯಾವುದೊಂದು ಮಾತ್ರ ಬಿಟ್ಟುಕೊಡಲ್ಲ? ಅಜ್ಜ, 'ತೋಟದ ಲೆಕ್ಕ' ಅಂದರು. ತೋಟಕ್ಕೆ ಇಳಿಯುವುದು ಅಂತ ಹೇಳುತ್ತಾರೆ ಅಂದುಕೊಂಡಿದ್ದೆ. ಅಲ್ಲ, ಲೆಕ್ಕ. ಅಜ್ಜಿ, 'ಹಾಲು ಕರೆಯೋದು, ಮತ್ತೆ ವಾರಕ್ಕೊಂದು ಸಲ ಸಾಗರದ ಪೇಟೆಗೆ ಹೋಗೋದು' ಅಂದರು. ಒಂದು ಕೇಳಿದರೆ ಎರಡು ಹೇಳಿದರು, ಎರಡನ್ನೂ ಬರೆದುಕೊಂಡೆ. ಈ ಪ್ರಶ್ನೆ ಕೇಳದೆ ಏನೇ ವ್ಯವಸ್ಥೆ ಮಾಡಿದ್ದರೂ ನಾವು ಮೊದಲು ನಿಲ್ಲಿಸುತ್ತಿದ್ದುದು ಹಸುವನ್ನೇ. ನೂರಕ್ಕೆ ನೂರು.

ಬಿದ್ದಿದ್ದು ಯಾಕೆ?

ವಿಚಿತ್ರ ಅಂದರೆ ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೈ ಕಟ್ಟಿದ ಆಸ್ಪತ್ರೆಯಲ್ಲಿ 'ವಯಸ್ಸಾಯ್ತಲ್ಲ' ಅಂದಿದ್ದರು. ನಾವೂ ಪಾಚಿಯನ್ನು ಬೈದು ಸುಮ್ಮನಾಗಿದ್ದೆವು. ಸಾಗರದ ಒಬ್ಬ ವೈದ್ಯರು ಮಾತ್ರ 'ಕಣ್ಣಿಗೆ ಕತ್ತಲೆ ಬಂತು' ಎಂಬ ಮಾತನ್ನು ಹಿಡಿದುಕೊಂಡರು. ಅಜ್ಜನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದರು. ಮೇಲಿನ ಅಂಕಿ 148. ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿದರು. 118ಕ್ಕೆ ಇಳಿದಿತ್ತು. ಎದ್ದು ನಿಂತ ಮೂರು ನಿಮಿಷದೊಳಗೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದು ತೊಂದರೆಯ ಲಕ್ಷಣ. ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲಾಗುತ್ತದೆ.

ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ ಅಂದರು. ಒಂಬತ್ತು ಬಗೆ ಇದ್ದವು. ಬಿಪಿಗೆ ಆಮ್ಲೋಡಿಪಿನ್, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್, ನಿದ್ದೆಗೆ ಆಲ್ಪ್ರಜೋಲಾಮ್. ಒಂದೊಂದನ್ನು ಒಬ್ಬೊಬ್ಬರು ಬರೆದುಕೊಟ್ಟಿದ್ದು. ಮೊದಲೆರಡೂ ಸೇರಿ ಎದ್ದಾಗ ಬಿಪಿ ಇಳಿಸಬಲ್ಲವು. ಮೂರನೆಯದು ಮಂಪರು ತಂದು ಕಾಲಿನ ಹಿಡಿತ ತಪ್ಪಿಸುತ್ತದೆ. ನಿದ್ದೆ ಮಾತ್ರೆಯನ್ನು ಯಾರೋ ನಾಲ್ಕು ವರ್ಷದ ಹಿಂದೆ ಹದಿನೈದು ದಿನಕ್ಕೆಂದು ಕೊಟ್ಟಿದ್ದರು. ನಿಲ್ಲಿಸಿ ಅಂತ ಹೇಳುವವರು ಯಾರೂ ಇಲ್ಲದೆ ಅದು ಹಾಗೇ ಮುಂದುವರಿದಿತ್ತು. ವೈದ್ಯರು ಬಿಪಿ ಮಾತ್ರೆಯ ಪ್ರಮಾಣ ಇಳಿಸಿದರು. ನಿದ್ದೆಯದನ್ನು ಒಮ್ಮೆಲೇ ಅಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ಅದನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ, ನಾವಾಗಿಯೇ ಯಾರೂ ಹಾಗೆ ಮಾಡಬಾರದು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರ ಕಡಿಮೆ ಇತ್ತು. ಸಸ್ಯಾಹಾರಿ ಮುದುಕರಲ್ಲಿ ಇದು ಸಾಮಾನ್ಯ, ಪಾದ ಜೋಮು ಹಿಡಿದಂತಾಗಲು ಅದೂ ಒಂದು ಕಾರಣ. ಜನವರಿ ಹೊತ್ತಿಗೆ ಒಂಬತ್ತು ಮಾತ್ರೆ ಆರಾಗಿತ್ತು.

ಮಾತ್ರೆ ಇಡಲು ನಾನು ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ತಂದಿದ್ದೆ. ಅಜ್ಜ ಅದನ್ನು ಮುಟ್ಟಲಿಲ್ಲ. ಅದರ ಮುಚ್ಚಳ ತೆಗೆಯಲು ಎರಡು ಗಟ್ಟಿ ಕೈ ಬೇಕು, ಅವರ ಎಡಗೈ ಹಿಡಿತ ಅಷ್ಟಕ್ಕೆ ಸಾಲದು. ಅಟ್ಟದ ಮೇಲಿಂದ ಒಂದು ಹಳೇ ಮರದ ಪೆಟ್ಟಿಗೆ ಇಳಿಸಲು ಹೇಳಿದರು. ಪೋಸ್ಟ್ ಆಫೀಸಿನಲ್ಲಿ ಕಾಗದ ವಿಂಗಡಿಸುವ ಖಾನೆಗಳ ಮಾದರಿಯಲ್ಲಿ ಹಿಂದೆ ತಾವೇ ಬಡಗಿಯಿಂದ ಮಾಡಿಸಿದ್ದಂತೆ. ಅದರ ಒಂದೊಂದು ಖಾನೆಗೆ ವಾರದ ಹೆಸರು ಅಂಟಿಸಿದರು. ಭಾನುವಾರ ಸಂಜೆ ಕನ್ನಡಕ ಹಾಕಿಕೊಂಡು ಕೂತು ಇಡೀ ವಾರದ್ದನ್ನು ವಿಂಗಡಿಸುತ್ತಾರೆ. ಇಲ್ಲಿಯವರೆಗೆ ತಪ್ಪಿದ್ದು ಎರಡೇ ಸಲ. ಆ ಎರಡನ್ನೂ ಅವರೇ ಡೈರಿಯಲ್ಲಿ ಬರೆದಿಟ್ಟಿದ್ದಾರೆ.

ಕಾಲಿಗೆ ಬಲ ಬರಿಸುವುದು ಬೇರೆಯೇ ಕೆಲಸ. ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳು ಹದಿನೈದು ದಿನಕ್ಕೊಮ್ಮೆ ಬಂದಳು. ಮೊದಲ ದಿನ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಹೇಳಿದಳು. 26 ಸೆಕೆಂಡ್ ಬೇಕಾಯಿತು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಸಂಭವ ಹೆಚ್ಚು ಅಂತ ಲೆಕ್ಕ. ವ್ಯಾಯಾಮ ತುಂಬ ಸರಳ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಜಗಲಿ ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಡೆಯುವುದು. ಆದರೆ ಅಜ್ಜ ಸುಮ್ನೆ ಯಾಕೆ ಮಾಡುತ್ತಾರೆ? ಆ ಹುಡುಗಿ ಜಾಣೆ. 'ಅಜ್ಜಾರೇ, ಫೆಬ್ರವರಿಗೆ ಮಾರಿಜಾತ್ರೆ ಬರ್ತಿದೆ, ಹೋಗಲ್ವಾ?' ಅಂದಳು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವಂಥದ್ದು. ಮುಂದಿನದಕ್ಕೆ ಇರ್ತೇನೋ ಇಲ್ವೋ ಅನ್ನುವುದು ಆ ವಯಸ್ಸಿನ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಮರುದಿನದಿಂದ ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಎದ್ದು ಕೂರುವುದು ಶುರುವಾಯಿತು. 2023ರ ಫೆಬ್ರವರಿಯಲ್ಲಿ ಅಜ್ಜ ಊರುಗೋಲು ಹಿಡಿದು ಜಾತ್ರೆಯ ನೂಕುನುಗ್ಗಲಿಲ್ಲದ ಹೊತ್ತು ನೋಡಿ ದೇವಿಯ ದರ್ಶನ ಮಾಡಿ ಬಂದರು. ಏಪ್ರಿಲ್‌ನಲ್ಲಿ ಅದೇ ಮೂರು ಮೀಟರ್ ನಡಿಗೆ 15 ಸೆಕೆಂಡಿಗೆ ಇಳಿದಿತ್ತು.

ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ

ಮನೆ ಬದಲಾಯಿಸುವ ಬಗ್ಗೆ ಓದಲು ಹೋದರೆ ಸಿಗುವ ಸಲಹೆಗಳೆಲ್ಲ ಸಿಮೆಂಟ್ ಗೋಡೆಯ, ಟೈಲ್ಸ್ ನೆಲದ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ನಮ್ಮ ಬಚ್ಚಲಿನ ಗೋಡೆ ಮಣ್ಣಿನದು. ಸ್ಟೀಲ್ ಹಿಡಿಕೆ ತಂದು ಸ್ಕ್ರೂ ಹಾಕಿದರೆ ಅಜ್ಜನ ಭಾರಕ್ಕೆ ಹಿಡಿಕೆಯ ಜೊತೆ ಗೋಡೆಯ ಹೆಂಟೆಯೂ ಕಿತ್ತು ಬರುತ್ತಿತ್ತು. ಅಂಟಿಸುವ ರಬ್ಬರ್ ಹಿಡಿಕೆಯಂತೂ ನಂಬಲೇಬಾರದು, ಗಟ್ಟಿ ಇದೆ ಅನಿಸುತ್ತದೆ, ಬೇಕಾದಾಗಲೇ ಕೈಗೆ ಬರುತ್ತದೆ. ಕೊನೆಗೆ ಊರಿನ ಗಾರೆಯವನು ಒಂದು ಉಪಾಯ ಹೇಳಿದ. ಜಿಐ ಪೈಪನ್ನು ನೆಲದಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿ, ಮೇಲ್ತುದಿಯನ್ನು ಮಾಡಿನ ತೊಲೆಗೆ ಬಿಗಿದ. ಬಸ್ಸಿನಲ್ಲಿ ಹಿಡಿದುಕೊಳ್ಳುವ ಕಂಬದ ಹಾಗೆ. ಹಂಡೆಯ ಪಕ್ಕ ಒಂದು, ಪಾಯಖಾನೆಯಲ್ಲಿ ಒಂದು. ಒದ್ದೆ ಕೈ ಜಾರದಂತೆ ಅಜ್ಜಿ ಅದಕ್ಕೆ ತೆಂಗಿನ ಹುರಿ ಸುತ್ತಿದರು.

ಪಾಯಖಾನೆ ನೆಲಮಟ್ಟದ್ದು. ಕುಕ್ಕುರುಗಾಲಲ್ಲಿ ಕೂತು ಏಳುವುದು ಅಜ್ಜನಿಗೆ ಆಗುತ್ತಿರಲಿಲ್ಲ. ಅದರ ಮೇಲೆ ಇಡುವ ಕಮೋಡ್ ಕುರ್ಚಿ ತಂದೆವು. ಮೊದಲು ತಂದದ್ದು ಎತ್ತರವಾಗಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮಂಡಿಯ ಹಿಂಭಾಗದಿಂದ ನೆಲದವರೆಗೆ ಅಳತೆ ತೆಗೆದುಕೊಂಡು ಹೋಗಬೇಕು. ಅಜ್ಜನದು 42 ಸೆಂಟಿಮೀಟರ್. ಕುರ್ಚಿಯ ಕಾಲು ಕತ್ತರಿಸಿ ಅಷ್ಟಕ್ಕೇ ಮಾಡಿಸಿದ ಮೇಲೆ ಸರಿಹೋಯಿತು.

ರಾತ್ರಿಯ ಮೂವತ್ತೈದು ಹೆಜ್ಜೆಗೆ ನಾನು ಸೋಲಾರ್ ದೀಪ ಹಾಕಿಸಿದೆ. ಬೇಸಿಗೆಯಲ್ಲಿ ಚೆನ್ನಾಗಿ ಉರಿಯಿತು. ಜೂನ್ ಕೊನೆಗೆ ಮಳೆ ಹಿಡಿದಾಗ ದಿನಗಟ್ಟಲೆ ಬಿಸಿಲೇ ಕಾಣದೆ ಸತ್ತೇ ಹೋಯಿತು. ಮಲೆನಾಡಿನಲ್ಲಿ ಬೆಳೆದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆಮೇಲೆ ಇನ್ವರ್ಟರ್‌ನಿಂದ ವೈರ್ ಎಳೆದು ಎರಡು ಎಲ್‌ಇಡಿ ಹಾಕಿಸಿದೆವು. ಅಂಗಳದ ದಾರಿಗೆ ಹಳೇ ಪದ್ಧತಿಯಂತೆ ಅಡಿಕೆ ದಬ್ಬೆ ಅಡ್ಡಡ್ಡ ಹಾಸಿದೆವು, ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದೆವು. ದಬ್ಬೆಯ ಮೇಲೆ ಕಾಲು ಜಾರದು ಅಂತ ಗೊತ್ತಿದ್ದೇ ನಮ್ಮ ಹಿರಿಯರು ಹಾಸುತ್ತಿದ್ದರು. ಡೈಪರ್ ಬೇಡ ಅಂದ ಅಜ್ಜ, ಜೋರು ಮಳೆಯ ರಾತ್ರಿಗಳಲ್ಲಿ ಮಾತ್ರ ಮಂಚದ ಪಕ್ಕ ಮೂತ್ರದ ಬಾಟಲಿ ಇಟ್ಟುಕೊಳ್ಳಲು ಒಪ್ಪಿದರು. ಯಾವ ರಾತ್ರಿ ಜೋರು ಮಳೆ ಅಂತ ತೀರ್ಮಾನ ಮಾಡುವವರು ಅವರೇ.

ಹೊಸಿಲಿನ ವಿಷಯದಲ್ಲಿ ಜಗಳವೇ ಆಯಿತು. ನಮ್ಮ ಮನೆಯ ಹೊಸಿಲುಗಳು ಒಂದು ಗೇಣು ಎತ್ತರ. ಕತ್ತರಿಸೋಣ ಅಂದೆ. ಅಜ್ಜಿ ದಿನಾ ಅರಿಶಿನ ಕುಂಕುಮ ಹಚ್ಚುವ ಜಾಗ ಅದು. 'ಮೊದಲು ನನ್ನನ್ನ ಕಳಿಸಿ, ಆಮೇಲೆ ಹೊಸಿಲು ಕತ್ತರಿಸು' ಅಂದುಬಿಟ್ಟರು. ನಾನು ತಪ್ಪಾಯಿತು ಅಂದೆ. ಎರಡೂ ಕಡೆ ಹಲಗೆಯ ಮೆಟ್ಟಿಲು ಇಟ್ಟೆವು. ಮಬ್ಬು ಬೆಳಕಿನಲ್ಲಿ ಅಂಚು ಕಾಣಲಿ ಅಂತ ಹಳದಿ ಪಟ್ಟಿ ಅಂಟಿಸಬೇಕು ಅಂದುಕೊಂಡಿದ್ದೆ. ಅಜ್ಜಿ ಅದರ ಬದಲು ಹೊಸಿಲಿನ ಉದ್ದಕ್ಕೂ ದಪ್ಪ ಬಿಳಿ ರಂಗೋಲಿ ಎಳೆ ಎಳೆಯತೊಡಗಿದರು. ಕಪ್ಪು ಮರದ ಮೇಲೆ ಬಿಳಿ ಗೆರೆ. ಯಾವ ಪಟ್ಟಿಗಿಂತಲೂ ಚೆನ್ನಾಗಿ ಕಾಣುತ್ತದೆ. ದಿನಾ ಹೊಸದಾಗಿಯೂ ಇರುತ್ತದೆ.

ಕ್ಯಾಮರಾ ಮೇಲೆ ಟವೆಲ್

ಚಿಕ್ಕಪ್ಪ ಪುಣೆಯಿಂದ ಕ್ಯಾಮರಾ ಕಳಿಸಿದ್ದರು. ಜಗಲಿಗೊಂದು, ಅಡುಗೆಮನೆಗೊಂದು. ಫೋನಿನಲ್ಲೇ ನೋಡಬಹುದು. ಎರಡನೇ ವಾರ ಅಡುಗೆಮನೆಯ ಕ್ಯಾಮರಾ ಮೇಲೆ ಟವೆಲ್ ಬಿತ್ತು. ತೆಗೆದರೆ ಮತ್ತೆ ಬಿತ್ತು. ಅಜ್ಜಿ ಮನೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸ ಮಾಡುವವರು. ಮಗ ಆಗಲಿ, ಯಾರೇ ಆಗಲಿ, ಇಡೀ ದಿನ ನೋಡುತ್ತಿರುತ್ತಾರೆ ಅಂದರೆ ಯಾರಿಗೆ ತಾನೆ ಸರಿಬೀಳುತ್ತದೆ? ನಾನು ಚಿಕ್ಕಪ್ಪನಿಗೆ ಫೋನ್ ಮಾಡಿ ಎರಡನ್ನೂ ಬಿಚ್ಚಿಸಿದೆ. ಅವರಿಗೆ ಬೇಜಾರಾಯಿತು. ಮಗನ ಆತಂಕವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಆ ಆತಂಕದ ಬೆಲೆಯನ್ನು ಅಜ್ಜಿ ಯಾಕೆ ಕಟ್ಟಬೇಕು?

ಅದರ ಬದಲು ಒಂದು ಮಿಸ್ಡ್ ಕಾಲ್ ಸಾಕಾಯಿತು. ಹಾಲು ಕರೆದು ಮುಗಿಸಿ ಏಳೂವರೆಗೆ ಅಜ್ಜಿ ನನ್ನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ದೊಡ್ಡ ಗುಂಡಿಯ ಕೀಪ್ಯಾಡ್ ಫೋನು. 2 ಒತ್ತಿದರೆ ನಾನು, 3 ಒತ್ತಿದರೆ ಪಕ್ಕದ ಮನೆ, 4 ಒತ್ತಿದರೆ ಅತ್ತೆ. ಎಂಟಾದರೂ ಬರಲಿಲ್ಲ ಅಂದರೆ ನಾನು ಫೋನ್ ಮಾಡುತ್ತೇನೆ. ಎತ್ತದಿದ್ದರೆ ಪಕ್ಕದ ಮನೆಯವರಿಗೆ ಮಾಡುತ್ತೇನೆ. ಅವರ ಬಳಿ ನಮ್ಮ ಹಿಂಬಾಗಿಲಿನ ಕೀಲಿ ಇದೆ. ಮೂರು ವರ್ಷದಲ್ಲಿ ಹಾಗೆ ಅವರು ಓಡಿ ಹೋಗಿದ್ದು ನಾಲ್ಕು ಸಲ. ಮೂರು ಸಲ ನೆಟ್‌ವರ್ಕ್ ಇರಲಿಲ್ಲ ಅಷ್ಟೇ. ಒಂದು ಸಲ, 2024ರ ಮಳೆಗಾಲದಲ್ಲಿ, ಅಜ್ಜಿ ಜ್ವರ ಬಂದು ಏಳಲಾಗದೆ ಮಲಗಿದ್ದರು. ಅಜ್ಜ ಕಷಾಯ ಮಾಡಲು ಹೋಗಿ ಒಲೆ ಹಚ್ಚಲಾಗದೆ ಒದ್ದಾಡುತ್ತಿದ್ದರು. ನಲವತ್ತು ನಿಮಿಷದಲ್ಲಿ ನೆರವು ಸಿಕ್ಕಿತು. ಪಕ್ಕದ ಮನೆಯೂ ಇಲ್ಲದ, ಫೋನ್ ಮಾಡಲು ಮೊಮ್ಮಕ್ಕಳೂ ಇಲ್ಲದ ಎಷ್ಟೋ ಹಿರಿಯರಿದ್ದಾರೆ. ಅವರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ. ಈ ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊಟ್ಟರೂ ಅದೊಂದು ಉಪಕಾರವೇ.

ಕೆಲಸಕ್ಕೆ ಒಬ್ಬರನ್ನು ಇಡುವ ವಿಷಯದಲ್ಲಿ ಮೊದಲು ಎಡವಿದ್ದು ನಾನೇ. ಪರಿಚಯದ ಹೆಂಗಸನ್ನು ಗೊತ್ತು ಮಾಡಿ, ಬೆಂಗಳೂರಿನಿಂದಲೇ ಅವಳ ಖಾತೆಗೆ ದುಡ್ಡು ಹಾಕುತ್ತೇನೆ ಅಂದೆ. ಅಜ್ಜಿ ಅವಳ ಜೊತೆ ಮಾತೇ ಆಡಲಿಲ್ಲ. ಇಪ್ಪತ್ತು ದಿನದಲ್ಲಿ ಅವಳು ಬಿಟ್ಟಳು. ಆಮೇಲೆ ಅಜ್ಜಿಯೇ ಹುಡುಕಿ ಮೇಲಿನ ಕೇರಿಯ ಒಬ್ಬಾಕೆಯನ್ನು ಇಟ್ಟುಕೊಂಡರು. ಸಂಬಳವನ್ನೂ ಅಜ್ಜಿಯೇ ಕೈಯಾರೆ ಕೊಡುತ್ತಾರೆ. 2023ರಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ, ಮನೆಯ ಯಜಮಾನಿ ಅಂತ ಅಜ್ಜಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ಕಂತು ತಡವಾದರೆ ಹಾಲಿನ ದುಡ್ಡಿನಿಂದ ಸೇರಿಸುತ್ತಾರೆ. ಕೊಟ್ಟಿಗೆ ಗುಡಿಸುವುದು, ಹುಲ್ಲು ತರುವುದು, ಹಂಡೆಗೆ ನೀರು ತುಂಬುವುದು ಆಕೆಯ ಕೆಲಸ. ಹಾಲು ಕರೆಯುವುದು ಅಜ್ಜಿಯದು. ಆಗಲೂ ಒಬ್ಬ ಹೆಂಗಸು, ಈಗಲೂ ಒಬ್ಬ ಹೆಂಗಸು, ಅಷ್ಟೇ ಗಂಟೆ, ಹೆಚ್ಚುಕಡಿಮೆ ಅಷ್ಟೇ ಸಂಬಳ. ಯಾರು ಇಟ್ಟುಕೊಂಡರು ಅನ್ನುವುದೊಂದೇ ಬದಲಾಗಿದ್ದು.

ಸಹಿ

ಪೋಸ್ಟ್ ಆಫೀಸಿನಲ್ಲಿದ್ದವರಿಗೆ ಕಾಗದಪತ್ರದ ಬಗ್ಗೆ ಇರುವ ಶ್ರದ್ಧೆಯೇ ಬೇರೆ. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಕೊಡಬೇಕಾದ ಪ್ರಮಾಣಪತ್ರಕ್ಕೆ ಅಜ್ಜ ಮೊದಲೆಲ್ಲ ನವೆಂಬರ್ ಒಂದನೇ ತಾರೀಕೇ ಸಾಗರಕ್ಕೆ ಹೋಗುತ್ತಿದ್ದರು. ಎಂಬತ್ತು ದಾಟಿದವರು ಅಕ್ಟೋಬರ್ ಒಂದರಿಂದಲೇ ಕೊಡಬಹುದು. 2020ರಿಂದ ಪೋಸ್ಟ್‌ಮನ್ನೇ ಮನೆಗೆ ಬಂದು ಜೀವನ್ ಪ್ರಮಾಣ್ ಮಾಡಿಕೊಡುವ ವ್ಯವಸ್ಥೆ ಇದೆ, ಶುಲ್ಕ 70 ರೂಪಾಯಿ. ಅಡಿಕೆ ಸುಲಿದು ಸುಲಿದು ಅಜ್ಜನ ಬೆರಳಿನ ಗೆರೆಗಳು ಸವೆದಿವೆ. ಯಂತ್ರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಮುಖ ತೋರಿಸಿ ಮಾಡಿದ್ದಾಯಿತು. ಪೋಸ್ಟ್‌ಮನ್ ಹುಡುಗನಿಗೆ ಅಜ್ಜ ಕಾಫಿ ಕೊಡಿಸಿ, ತಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಮಳೆಗಾಲದ ಟಪಾಲು ಹೇಗೆ ಬರುತ್ತಿತ್ತು ಅಂತ ಒಂದು ಗಂಟೆ ಹೇಳಿದರು. ಆ ಹುಡುಗ ಪಾಪ, ಎದ್ದು ಹೋಗಲಿಲ್ಲ.

2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರು ಮನೆಯಿಂದಲೇ ಮತ ಹಾಕಬಹುದಾಗಿತ್ತು. ಅದಕ್ಕೆ ತುಂಬಬೇಕಾದ 12ಡಿ ಅರ್ಜಿ ಹಿಡಿದು ಬಂದವರನ್ನು ಅಜ್ಜ ವಾಪಸ್ ಕಳಿಸಿದರು. ಬೂತಿಗೇ ಹೋಗುತ್ತೇನೆ ಅಂದರು, ಹೋದರು. ಮಾರನೇ ವರ್ಷ ಲೋಕಸಭೆಗೆ ಆ ವಯಸ್ಸಿನ ಮಿತಿ 85 ಆಯಿತು. ಅಜ್ಜನಿಗೆ ಆಗ 86. ಈ ಸಲ ತಾವೇ ಅರ್ಜಿ ಕೇಳಿ ತುಂಬಿದರು. 'ಬಿಸಿಲು ಜಾಸ್ತಿ, ಮಂಡಿ ಕೇಳಲ್ಲ' ಅಂದರು. ಎರಡು ವರ್ಷದಲ್ಲಿ ಎರಡು ಥರದ ತೀರ್ಮಾನ. ಎರಡೂ ಅವರದೇ.

ಜಮೀನಿನ ಮಾತು ಬಂದೇ ಬಂತು. ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಟ್ಟರೆ ಮುಂದೆ ಓಡಾಟ ತಪ್ಪುತ್ತದೆ ಅಂತ ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಅನಿಸಿತ್ತು. ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ನಾನು ಬೇಡ ಅಂದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕು. ಆದರೆ ಆ ಷರತ್ತು ದಾನಪತ್ರದಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಗಟ್ಟಿ. 'ನಮ್ಮ ಮಕ್ಕಳಲ್ವಾ, ಅದೆಲ್ಲ ಯಾಕೆ' ಅಂತ ಬಿಟ್ಟವರು ಮುಂದೆ ಕೋರ್ಟು ಅಲೆಯುತ್ತಾರೆ. ಇನ್ನೊಂದು ಮಾತು. ಆ ಕಾಯ್ದೆಯಲ್ಲಿ 'ಮಕ್ಕಳು' ಅಂದರೆ ಮೊಮ್ಮಗ, ಮೊಮ್ಮಗಳೂ ಸೇರುತ್ತಾರೆ. ಅದನ್ನು ಓದಿದ ದಿನ ಇದು ನನ್ನ ಕರ್ತವ್ಯವೂ ಹೌದು ಅಂತ ಮನಸ್ಸಿಗೆ ಇಳಿಯಿತು. ಅಜ್ಜ ಎಲ್ಲ ಕೇಳಿ, ವಕೀಲರ ಬಳಿ ಹೋಗಿ ಉಯಿಲು ಬರೆಸಿದರು. ತೋಟ ಅವರ ಹೆಸರಲ್ಲೇ ಇದೆ. ಕೊಯ್ಲಿನ ಲೆಕ್ಕ ಈಗಲೂ ಅವರ ಉದ್ದನೆಯ ಪುಸ್ತಕದಲ್ಲೇ. ತೋಟಕ್ಕೆ ಇಳಿಯುವುದು ಕಳೆದ ವರ್ಷ ನಿಂತಿತು. ದರೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಗೊನೆ ಇಳಿಸುವವನು ಅಲ್ಲಿಂದಲೇ ಕೂಗಿ ಎಣಿಕೆ ಹೇಳಬೇಕು.

ಈಗಿನ ಮಾತು

ಯುಗಾದಿಯ ಗಡುವು ಬಂದು ಹೋಗಿದ್ದು ಯಾರ ನೆನಪಿಗೂ ಬರಲಿಲ್ಲ. ಆಮೇಲೆ ಎರಡು ಯುಗಾದಿ ಕಳೆದವು. ಎಲ್ಲ ಸರಿ ಇದೆ ಅಂತ ಹೇಳಲಾರೆ. ಅಜ್ಜನ ನಡಿಗೆ ಮತ್ತೆ ನಿಧಾನವಾಗಿದೆ. ಹಸು ಇದೇ ಕೊನೆಯದು ಅಂತ ಅಜ್ಜಿಯೇ ಹೇಳಿದ್ದಾರೆ.

ನಮ್ಮ ಈಗಿನ ಚಿಂತೆ ಗ್ಯಾಸ್ ಒಲೆ. ಕಳೆದ ಆರು ತಿಂಗಳಲ್ಲಿ ಅಜ್ಜಿ ಎರಡು ಸಲ ಹಾಲಿಟ್ಟು ಮರೆತರು. ಒಂದು ಸಲ ಹಾಲು ಉಕ್ಕಿ ಉರಿ ಆರಿ, ಗ್ಯಾಸ್ ಹಾಗೇ ಸೋರುತ್ತಿತ್ತು. ಕೆಲಸಕ್ಕೆ ಬಂದಾಕೆ ವಾಸನೆ ಹಿಡಿದು ನಲ್ಲಿ ತಿರುಗಿಸಿದಳು. ಅಪ್ಪ, ಚಿಕ್ಕಪ್ಪ ಇಬ್ಬರೂ ಒಲೆ ತೆಗೆಸು, ಊಟ ಹೊರಗಿನಿಂದ ಕೊಡಿಸೋಣ ಅಂದರು. ನನಗೂ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಮೊದಲು ಅಜ್ಜಿಯನ್ನೇ ಕೇಳಿದೆ. ಏನು ಮಾಡೋಣ? ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಿಮ್ಮನೇಲಿ ಆ ಕರೆಂಟ್ ಒಲೆ ಇದ್ಯಲ್ಲ, ಹೊತ್ತಾದ್ಮೇಲೆ ತಾನೇ ಆರ್ತದಲ್ಲ. ಅದರಲ್ಲಿ ಹಾಲು ಕಾಯಿಸೋದು ಕಲಿಸು' ಅಂದರು.

ಇಂಡಕ್ಷನ್ ಒಲೆ ತಂದಾಯಿತು. ಹಾಲಿಗೆ ಎಂಟು ನಿಮಿಷ, ಅನ್ನಕ್ಕೆ ಇಪ್ಪತ್ತು ನಿಮಿಷ ಅಂತ ಗುಂಡಿಗಳ ಮೇಲೆ ಕೆಂಪು, ಹಸಿರು ಬಣ್ಣದ ಚುಕ್ಕಿ ಅಂಟಿಸಿದೆ. ಗ್ಯಾಸು ಕರೆಂಟ್ ಹೋದಾಗಿನ ಮಟ್ಟಿಗೆ, ಅದೂ ಕೆಲಸದಾಕೆ ಇರುವ ಹೊತ್ತಿಗೆ ಅಂತ ಒಪ್ಪಂದ. ತೊಂದರೆ ಆದದ್ದು ಪಾತ್ರೆಗೆ. ಅಜ್ಜಿಯ ಹಾಲಿನ ಪಾತ್ರೆ ಹಿತ್ತಾಳೆಯದು, ತಳ ಗುಂಡಗಿದೆ. ಆ ಒಲೆಗೆ ಚಪ್ಪಟೆ ತಳದ, ಅಯಸ್ಕಾಂತ ಹಿಡಿಯುವ ಪಾತ್ರೆಯೇ ಬೇಕು. ನಾನು ಆನ್‌ಲೈನಿನಲ್ಲಿ ತರಿಸುತ್ತೇನೆ ಅಂದೆ. ಅಜ್ಜಿ ಬೇಡ ಅಂದರು. ಬುಧವಾರ ಬೆಳಗ್ಗೆ ಹಾಲು ಕರೆದು, ನನಗೊಂದು ಮಿಸ್ಡ್ ಕಾಲ್ ಕೊಟ್ಟು, ಫ್ರಿಜ್ ಮೇಲಿದ್ದ ಅಯಸ್ಕಾಂತದ ಗೊಂಬೆಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಸರ್ಕಾರಿ ಬಸ್ಸು ಹತ್ತಿದರಂತೆ. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಉಚಿತ ಆದ ಮೇಲೆ ಬಸ್ಸಿನ ಖರ್ಚಿಗೆ ಅಜ್ಜನನ್ನೂ ಕೇಳಬೇಕಿಲ್ಲ. ಸಾಗರದ ಮೂರು ಅಂಗಡಿಯಲ್ಲಿ ಗೊಂಬೆ ಅಂಟಿಸಿ ಅಂಟಿಸಿ ನೋಡಿ, ಮೂರನೆಯದರಲ್ಲಿ ಚೌಕಾಸಿ ಮಾಡಿ ತಂದಿದ್ದಾರೆ. ಇಬ್ಬರಿಗೆ ಒಂದು ಲೀಟರಿನ ಪಾತ್ರೆ ಸಾಕಾಗಿತ್ತು. ತಂದದ್ದು ಮೂರು ಲೀಟರಿನದು.

'ದೀಪಾವಳಿಗೆ ನೀವೆಲ್ಲ ಬರ್ತೀರಲ್ಲ, ಆಗ ಪಾಯಸಕ್ಕೆ ಬೇಕಾಗ್ತದೆ' ಅಂದರು.